ಹಲ್ಲು ಕಿತ್ತರೆ ವಾಸಿಯಾಗುವ ರಕ್ತನಾಳ

ಮಾನ್ಯ ಔಷಧ ಮಂಜೂರಾತಿ ಅಧಿಕಾರಿಗಳೇ,

ಅಭಿನಂದನೆಗಳು! ನನ್ನ ರೋಗವನ್ನು ನೀವು ಎರಡು ಸಲ ವಾಸಿ ಮಾಡಿದ್ದೀರಿ, ಅದೂ ನನ್ನ ಮುಖ ನೋಡದೆ. ನನ್ನ ಡಾಕ್ಟರಿಗೆ ಒಂದು ಸಲವೂ ಆಗಲಿಲ್ಲ. ಸಂತೋಷ ತಡೆಯಲಾರದೆ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಕಾರು ಕಲಿಸುವವಳು. ನನ್ನ ರಕ್ತನಾಳಗಳು ಊದಿಕೊಳ್ಳುತ್ತವೆ. ತಲೆಯ ನಾಳ ಊದಿ ಮುಚ್ಚಿದರೆ ಬಲಗಣ್ಣು ಹೋಗುತ್ತದೆ. ತಡೆಯಲು ಒಂದು ಇಂಜೆಕ್ಷನ್ ಇದೆ, ತೀರಾ ದುಬಾರಿ, ಆದ್ದರಿಂದ ನಿಮ್ಮ ಸಹಿ ಬೇಕು. ನಿಮ್ಮ ನಿಯಮವೋ ಬಲು ಸರಳ: ರಕ್ತದಲ್ಲಿ ಸಿಆರ್‌ಪಿ, ಅಂದರೆ ಉರಿಯೂತ ತೋರಿಸುವ ಅಂಶ, ಏರಿದ್ದರೆ ಔಷಧ, ಇಳಿದಿದ್ದರೆ ಇಲ್ಲ. ಆದರೆ ಆ ಅಂಶವನ್ನು ಇಳಿಸುವುದೇ ಈ ಇಂಜೆಕ್ಷನ್! ಚುಚ್ಚಿಸಿಕೊಂಡೆ, ಇಳಿಯಿತು, ನೀವು ನಿಲ್ಲಿಸಿದಿರಿ. ಡ್ಯಾಶ್‌ಬೋರ್ಡಿನ ಕೆಂಪು ದೀಪದ ವೈರು ಕತ್ತರಿಸಿ, "ದೀಪ ಉರಿಯುತ್ತಿಲ್ಲ, ಎಂಜಿನ್ ಭೇಷಾಗಿದೆ" ಅನ್ನುವ ಮೆಕ್ಯಾನಿಕ್‌ಗೆ ನಾನು ಏನನ್ನುತ್ತೇನೆಂದು ಇಲ್ಲಿ ಬರೆಯಲಾಗದು.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ: ನನ್ನ ದವಡೆ ಹಲ್ಲಿನಲ್ಲಿ ಕೀವು ತುಂಬಿತು. ಮೈಯಲ್ಲಿ ಎಲ್ಲೇ ಕೀವಾದರೂ ಸಿಆರ್‌ಪಿ ಏರುತ್ತದೆ. ಲ್ಯಾಬಿನ ಚೀಟಿ ಹಿಡಿದು ನನ್ನ ಯಜಮಾನರು, ನಮ್ಮ ಮದುವೆಯಲ್ಲೂ ಕುಣಿಯದ ಮನುಷ್ಯ, ಮೆಟ್ಟಿಲ ಮೇಲೇ ಕುಣಿದರು. "ಏರಿಬಿಡ್ತು ಕಣೇ! ಎಂಟು ಪಟ್ಟು!"

ಪಕ್ಕದ ಮನೆಯಾಕೆ ಬಾಗಿಲು ತೆರೆದು, "ಏನ್ರೀ, ಸಂಬಳಾನಾ?" ಅಂದರು.

"ಅಲ್ಲಮ್ಮಾ, ಇವಳ ಉರಿಯೂತ!"

ಆಕೆ ಮೆಲ್ಲಗೆ ಬಾಗಿಲು ಹಾಕಿಕೊಂಡರು. ಊದಿದ ಕೆನ್ನೆ ಹಿಡಿದುಕೊಂಡೇ ನಾನು ಬಿದ್ದೂ ಬಿದ್ದೂ ನಕ್ಕೆ. ನೀವೂ ಥಟ್ಟನೆ ಮಂಜೂರು ಮಾಡಿದಿರಿ.

ಡಾಕ್ಟರು ಮಾತ್ರ ತಲೆ ಚಚ್ಚಿಕೊಂಡರು. "ಕೀವು ಇರುವಾಗ ಈ ಇಂಜೆಕ್ಷನ್ ಕೊಡೋ ಹಾಗಿಲ್ಲಮ್ಮ. ಮೊದಲು ಹಲ್ಲು ಕೀಳಿಸ್ಕೊಂಡು ಬನ್ನಿ." ಕೀಳಿಸಿಕೊಂಡೆ. ಸಿಆರ್‌ಪಿ ಇಳಿಯಿತು. ಮಂಜೂರಾತಿ ರದ್ದು! ಹಲ್ಲು ಕಿತ್ತರೆ ರಕ್ತನಾಳ ವಾಸಿಯಾಗುತ್ತದೆಯೇ ಸ್ವಾಮಿ? ಹಾಗಿದ್ದರೆ ಉಳಿದವನ್ನೂ ಕೀಳಿಸಿಕೊಂಡು ಬರಲೇ? "ಕೆಲವರಲ್ಲಿ ರೋಗ ಒಳಗೊಳಗೇ ಕುದೀತಿದ್ರೂ ಸಿಆರ್‌ಪಿ ಸುಮ್ನಿರುತ್ತೆ" ಎಂದು ಡಾಕ್ಟರು ನಿಮಗೆ ಬರೆದರಂತೆ. ನೀವೂ ಸುಮ್ಮನಿದ್ದಿರಿ.

ಕಳೆದ ವಾರ ಒಬ್ಬ ಹುಡುಗಿಗೆ ರಿವರ್ಸ್ ಕಲಿಸುತ್ತಿದ್ದೆ. ನನ್ನ ಬಲಗಣ್ಣಿಗೆ ಪರದೆ ಇಳಿಯಿತು. "ಮೇಡಂ, ಬಲಕ್ಕೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಕಲಿಸುವವರಿಗೆಂದೇ ನನ್ನ ಕಾಲಡಿ ಇರುವ ಬ್ರೇಕ್ ಒತ್ತಿಬಿಟ್ಟೆ. ಪರದೆ ಸರಿಯಿತು, ಆದರೆ ಅಂದಿನಿಂದ ಕಾರು ಹತ್ತಿಲ್ಲ. ನನಗೆ ಭಯವಾಗಿದೆ. ಡಾಕ್ಟರು ಸ್ಟಿರಾಯ್ಡ್ ಮಾತ್ರೆ ಹೆಚ್ಚಿಸಿ ಕಣ್ಣನ್ನು ಸದ್ಯಕ್ಕೆ ಉಳಿಸಿದ್ದಾರೆ; ಆ ಮಾತ್ರೆ ನಿದ್ದೆಗೆಡಿಸಿ ಹುರುಪೇರಿಸುತ್ತದೆ, ಈ ಪತ್ರದ ಉಮೇದು ಅರ್ಧ ಅದರದ್ದೇ. ಆ ಮಾತ್ರೆಯೂ ಸಿಆರ್‌ಪಿ ಇಳಿಸುತ್ತದಂತೆ, ಹಾಗಾಗಿ ನಿಮ್ಮ ಲೆಕ್ಕದಲ್ಲಿ ನಾನೀಗ ಗಟ್ಟಿಮುಟ್ಟು.

ಬೇಡಿಕೆ ಇಷ್ಟೇ: ಬರೀ ಅಂಕಿ ನೋಡಬೇಡಿ, ಡಾಕ್ಟರ ಮಾತು ಕೇಳಿ, ನಾಳದ ಊತ ತೋರಿಸುವ ಸ್ಕ್ಯಾನ್ ನೋಡಿ, ಇಂಜೆಕ್ಷನ್‌ಗೆ ಈ ವಾರವೇ ಸಹಿ ಹಾಕಿ. ಆಗದಿದ್ದರೆ ಬನ್ನಿ, ನಿಮಗೊಂದು ಪಾಠ ಉಚಿತ. ನೀವು ಸ್ಟಿಯರಿಂಗ್ ಹಿಡಿಯಿರಿ, ನಾನು ಬಲಗಣ್ಣು ಮುಚ್ಚಿಕೊಂಡು ಪಕ್ಕದಲ್ಲಿ ಕೂರುತ್ತೇನೆ. ಬಲಕ್ಕೆ ಯಾರಿದ್ದಾರೆ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಇಂತಿ,
ತಮ್ಮ ಕಡತದ ಪ್ರಕಾರ ಪೂರ್ತಿ ವಾಸಿಯಾದ,
ಒಂದು ಹಲ್ಲು ಕಮ್ಮಿಯಿರುವ, ಕಣ್ಣು ಸದ್ಯಕ್ಕೆ ಎರಡೂ ಇರುವ
ಕಾರು ಟೀಚರ್