ಟಿನ್ ಪೀಕಾಕಿನವರಿಗೆ ಉಡಿ ತುಂಬಿದ್ದು

ಸನ್ಮಾನ್ಯ ಲೆನಿ ಬ್ಲೇಜ್ ಅವರಿಗೆ,

ಪುಣೆಯ ದೇಹೂ ರೋಡಿನಿಂದ ಬಸವಪ್ರಭು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮಕ್ಕೆ, ಅದರಲ್ಲೂ ತಾವು ಹೊಸದಾಗಿ ಹಾಕಿಸಿಕೊಂಡ ಎಡ ಮೊಣಕಾಲಿನ ಕ್ಷೇಮಕ್ಕೆ, ಆಗಾಗ ಬರೆಯುತ್ತಿರಬೇಕಾಗಿ ವಿನಂತಿ.

ಪತ್ರ ಕನ್ನಡದಲ್ಲಿದೆ. ತಮಗೆ ಕನ್ನಡ ಬರುವುದಿಲ್ಲವೆಂದು ನನಗೆ ಗೊತ್ತು. ಸ್ವಾಮಿ, ನೀವು ಇಂಗ್ಲಿಷಿನಲ್ಲಿ ಕಿರುಚಿದ್ದನ್ನು ನಾನು ಹರೆಯದುದ್ದಕ್ಕೂ ಒಂದಕ್ಷರ ತಿಳಿಯದೆ, ಕತ್ತು ನೋಯುವವರೆಗೆ ತಲೆಯಾಡಿಸಿ ಕೇಳಿದ್ದೇನೆ. ಈಗ ನಿಮ್ಮ ಪಾಳಿ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಹೋದ ವಾರ ಯೆರವಡಾದಾಚೆಯ ಮೈದಾನದಲ್ಲಿ ನಿಮ್ಮ ಟಿನ್ ಪೀಕಾಕ್ ಬ್ಯಾಂಡಿಗೆ ನಮ್ಮ ಮನೆಯವರು ಅಕ್ಕಿ, ತೆಂಗಿನಕಾಯಿ, ಹಸಿರು ಬಳೆ ಕೊಟ್ಟರಲ್ಲ, ಅದು ಭಾರತದ ಸರ್ವಸಾಮಾನ್ಯ ಅತಿಥಿಸತ್ಕಾರವೆಂದು ನೀವು ಫೋಟೋದ ಕೆಳಗೆ ಬರೆದುಕೊಂಡಿದ್ದೀರಿ. ಅಲ್ಲ. ನೀವು ನಮ್ಮ ಮನೆಯ ಮುತ್ತೈದೆಯರು. ಇದು ಹೇಗಾಯಿತೆಂದು ತಿಳಿಯುವ ಹಕ್ಕು ತಮಗಿದೆ.

ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ಪುಣೆ ಕ್ಯಾಂಪಿನ ಫುಟ್‌ಪಾತಿನಲ್ಲಿ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ನಡುಪುಟದಲ್ಲಿ ಟಿನ್ ಪೀಕಾಕಿನ ಐವರೂ ನಿಂತಿದ್ದಿರಿ. ಐವರ ಕಣ್ಣಿಗೂ ಕಾಡಿಗೆ, ತುಟಿಗೆ ಬಣ್ಣ, ಮೊಣಕೈವರೆಗೆ ಬಳೆ, ಬೆನ್ನ ತುಂಬ ಕೂದಲು. ಅದನ್ನು ತಂದು ನಮ್ಮ ಕ್ವಾರ್ಟರ್ಸಿನಲ್ಲಿ ಅಂಟಿಸಿದೆ. ಸುಣ್ಣ ಉದುರದ ಗೋಡೆ ಇದ್ದದ್ದು ಒಂದೇ, ಅದು ದೇವರ ಮಾಡದ ಪಕ್ಕದ್ದು.

ನಮ್ಮವ್ವ ಶಿವಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. 'ಯಾರೋ ಇವ್ರು?' ಅಂದಳು. 'ಹಾಡೂರು,' ಅಂದೆ. 'ಮನ್ಯಾಗ ಹೇಳೂರು ಕೇಳೂರು ಯಾರೂ ಇಲ್ಲೇನು? ಒಬ್ಬಾಕಿರೆ ಎಣ್ಣಿ ಹಚ್ಚಿಲ್ಲ, ಹೆಳಲಾ ಹಾಕಿಲ್ಲ,' ಅಂದು ಬೆರಳು ಮಡಚಿ ಎಣಿಸಿದಳು. ಐದು. ಅವ್ವನ ಮುಖ ಅರಳಿತು.

ಯಾಕೆಂದರೆ ನಮ್ಮಲ್ಲಿ ಶುಕ್ರವಾರ ಗಂಡನಿರುವ ಐವರು ಹೆಣ್ಣುಮಕ್ಕಳನ್ನು ಕರೆದು ಕುಂಕುಮವಿಟ್ಟು, ಸೆರಗಿಗೆ ಅಕ್ಕಿ, ಕಾಯಿ, ಕುಬಸದ ಖಣ ಹಾಕುತ್ತಾರೆ. ಅದಕ್ಕೆ ಉಡಿ ತುಂಬುವುದು ಅನ್ನುತ್ತಾರೆ. ಬೈಲಹೊಂಗಲದಲ್ಲಿ ಓಣಿಗೆ ಒಂದು ಕೂಗು ಹಾಕಿದರೆ ಹತ್ತು ಜನ ಬರುತ್ತಿದ್ದರು. ಮಿಲಿಟರಿ ಡಿಪೋದ ಕ್ಲಾರ್ಕಿನ ಹೆಂಡತಿಯಾಗಿ ದೇಹೂ ರೋಡಿಗೆ ಬಂದ ಮೇಲೆ ಅವ್ವನಿಗೆ ಐವರನ್ನು ಜೋಡಿಸುವುದೇ ಒಂದು ಕಾಳಗ. ಒಬ್ಬಾಕೆ ತವರಿಗೆ, ಒಬ್ಬಾಕೆಯ ಗಂಡನಿಗೆ ನಾಸಿಕಕ್ಕೆ ಬದಲಿ. ಅಂಥದ್ದರಲ್ಲಿ ಐವರು ಸಾಲಾಗಿ ಗೋಡೆಯ ಮೇಲೆ, ಬಳೆ ತೊಟ್ಟು ತಯಾರಾಗಿ ನಿಂತಿದ್ದಾರೆ! ಮರುದಿನ ಶುಕ್ರವಾರ. ನಾನು ಶಾಲೆಯಿಂದ ಬರುವಷ್ಟರಲ್ಲಿ ನಿಮ್ಮೆಲ್ಲರ ಹಣೆಯ ಮೇಲೆ ಕುಂಕುಮವಿತ್ತು. ಡ್ರಮ್ಮಿನವನದು ಮಾತ್ರ ಮೂಗಿಗೆ ಇಳಿದಿತ್ತು, ಅಷ್ಟು ಬಗ್ಗಿ ನಿಂತಿದ್ದ ಪುಣ್ಯಾತ್ಮ.

ಸತ್ಯ ಬಯಲಾದದ್ದು ಗೆಳೆಯ ಬಿಂದುಮಾಧವ ವಿಡಿಯೋ ಕ್ಯಾಸೆಟ್ ತಂದಾಗ. ಎರಡನೆಯ ಹಾಡಿಗೆ ನೀವು ಅಂಗಿ ಹರಿದುಕೊಂಡಿರಿ. ಎದೆಯ ಮೇಲೆ ಕರಡಿಯಷ್ಟು ಕೂದಲು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. 'ಅಯ್ಯ ನಮ್ಮವ್ವ, ಇವು ಗಂಡಸೂರು!' ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕದ್ದಕ್ಕೆ ಆ ಪೇಪರೇ ನಡುಗುತ್ತಿತ್ತು. ಪಟ ಕಿತ್ತುಹಾಕುತ್ತಾಳೆಂದು ನಾನು ಅಳುವುದಕ್ಕೆ ತಯಾರಾದೆ. ಅವ್ವ ಕೈಯ ಹಿಟ್ಟು ಝಾಡಿಸಿ ತೀರ್ಪು ಕೊಟ್ಟಳು: 'ಒಮ್ಮೆ ಕುಂಕುಮ ಹಚ್ಚಿ ಆತು. ಹಚ್ಚಿದ್ದು ಅಳಸೂದು ನಮ್ಮ ಮನ್ಯಾಗ ಇಲ್ಲ. ಇರ್ಲಿ, ಇದ್ದಾಂಗ ಇರ್ಲಿ.' ಅಂದಿನಿಂದ ನಿಮ್ಮ ಲಿಂಗದ ವಿಷಯ ನಮ್ಮ ಮನೆಯಲ್ಲಿ ಚರ್ಚೆಗೆ ಬಂದಿಲ್ಲ. ಅವ್ವ ನಿಮ್ಮನ್ನು ಇಂದಿಗೂ 'ಆಕಿ' ಅಂತಲೇ ಕರೆಯುತ್ತಾಳೆ.

ನಿಮ್ಮ ಏಳುಬೀಳುಗಳೆಲ್ಲ ನಮಗೆ ಮನೆಯ ಹೆಣ್ಣುಮಕ್ಕಳ ಸುದ್ದಿಯೇ ಆದವು. ಮೊದಲ ಆಲ್ಬಮ್ ಗ್ಯಾರೇಜಿನಲ್ಲಿ ಹುಟ್ಟಿತು, ಸಪ್ಪಳವೂ ಗ್ಯಾರೇಜಿನದೇ. ಎರಡನೆಯದರಲ್ಲಿ ಮೇಣಬತ್ತಿ ಹಿಡಿದು ನೀವು ನಿಧಾನ ಹಾಡಿದಿರಿ, ಜಗತ್ತೇ ಅತ್ತಿತು, ಅವ್ವ 'ಇದು ಭಜನಿ ಪದದ ಧಾಟಿ' ಅಂದು ತಲೆದೂಗಿದಳು. ಆಮೇಲೆ ಎಲ್ಲಿಂದಲೋ ಇಸ್ತ್ರಿ ಕಾಣದ ಚೌಕಳಿ ಅಂಗಿಯ ಹುಡುಗರು ಬಂದರು, ತಲೆ ತಗ್ಗಿಸಿ ಗೊಣಗಿದರು, ಜನ ಅವರ ಹಿಂದೆ ಹೋದರು. ಕ್ಯಾಸೆಟ್ ಕಂಪನಿ ನಿಮ್ಮನ್ನು ಕೈಬಿಟ್ಟ ಸುದ್ದಿ ನಾನು ಓದಿ ಹೇಳಿದಾಗ ಅವ್ವ, 'ದೃಷ್ಟಿ ತಾಗೇದ. ಅಷ್ಟ ಚಂದ ಕೂದಲಾ ಬಿಟಗೊಂಡು ಮಂದ್ಯಾಗ ತಿರಗಬಾರದು,' ಅಂದು ಪಟಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಇಡೀ ಕ್ವಾರ್ಟರ್ಸ್ ಲೈನಿನವರು ಕೆಮ್ಮಿದರು. ನಿಮ್ಮ ಡ್ರಮ್ಮಿನವನು ಮನೆ ಮಾರುವ ದಲ್ಲಾಳಿಯಾದ. ನೀವು ಹಡಗಿನಲ್ಲಿ ಊಟಕ್ಕೆ ಕೂತ ಮುದುಕರೆದುರು ಹಾಡಿದಿರಿ. ಆಮೇಲೆ ಗಿಟಾರಿನ ಡೆಕ್ಸ್‌ಟರ್ ನಿಮ್ಮ ಮೇಲೆ ಸಿಟ್ಟಾಗಿ ಹೊರಗೆ ಹೋಗಿ ತನ್ನದೇ ಒಂದು ಟಿನ್ ಪೀಕಾಕ್ ಕಟ್ಟಿದ. ಎರಡು ನವಿಲು, ಒಂದೇ ಹೆಸರು, ನಡುವೆ ಕೋರ್ಟು. ನಮ್ಮ ಪುಣೆಯ ಅಂಗಡಿಗಳಾಗಿದ್ದರೆ 'ಆಮಚೀ ಕುಠೇಹೀ ಶಾಖಾ ನಾಹೀ', ಅಂದರೆ ನಮಗೆ ಬೇರೆಲ್ಲೂ ಶಾಖೆಯಿಲ್ಲ ಅಂತ ಒಂದು ಫಲಕ ತೂಗುಹಾಕಿ ಗಿರಾಕಿಯನ್ನೇ ಬೈದು ಮುಗಿಸುತ್ತಿದ್ದರು. ನಿಮಗೆ ಅಷ್ಟು ನಾಗರಿಕತೆ ಎಲ್ಲಿಂದ ಬರಬೇಕು.

ಇಷ್ಟಾದರೂ ಪಟದ ಐವರಿಗೆ ಶುಕ್ರವಾರ ಅವ್ವನ ಕೈಯ ಕುಂಕುಮ ತಪ್ಪಿರಲಿಲ್ಲ. ತಪ್ಪಿದ್ದು ಮೂರು ವರ್ಷದ ಹಿಂದೆ, ನಮ್ಮಪ್ಪ ಈರಣ್ಣ ತೀರಿಕೊಂಡಾಗ. ಯಾರೂ ಏನೂ ಹೇಳಲಿಲ್ಲ, ಲೆನಿ ಅವರೇ. ಅವ್ವ ತಾನಾಗಿಯೇ ಕುಂಕುಮದ ಭರಣಿ ತಂದು ನನ್ನ ಹೆಂಡತಿ ಕೇತಕಿಯ ಕೈಗೆ ಕೊಟ್ಟಳು. ಗಂಡ ಹೋದ ಮೇಲೆ ಕುಂಕುಮ ಹಚ್ಚುವ ಕೈ ಅಲ್ಲವಂತೆ ಅದು, ಹಚ್ಚಿಸಿಕೊಳ್ಳುವ ಹಣೆಯೂ ಅಲ್ಲವಂತೆ. ಇಡೀ ಲೈನಿಗೆ ಉಡಿ ತುಂಬಿದ ಹೆಂಗಸು ಶುಕ್ರವಾರ ಬಂದರೆ ಎಲ್ಲ ತಯಾರು ಮಾಡಿಟ್ಟು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸಪ್ಪಳ ಮಾಡುತ್ತಿದ್ದಳು. ಕೇತಕಿ ಭರಣಿ ತಿರುಗಿ ಕೊಡಲು ಹೋದಳು, ತಗೊಳ್ಳಲಿಲ್ಲ. ನಮ್ಮ ಮಗಳು ಶಿವಾನಿ ಜಗಳ ತೆಗೆದಳು: 'ಅಜ್ಜಿ, ಇದೆಲ್ಲಾ ಯಾವ ಕಾಲದ್ದು?' ಅವ್ವನ ಉತ್ತರ: 'ಕಾಲ ನಿಂದು, ಕೈ ನಂದು.' ಆ ಭರಣಿ ಮತ್ತೆ ಅವ್ವನ ಕೈಗೆ ಹೋಗಬೇಕು ಅನ್ನುವುದೊಂದೇ ಮನೆಯಲ್ಲಿ ನಮ್ಮೆಲ್ಲರ ಆಸೆಯಾಗಿತ್ತು. ಯಾರ ಮಾತೂ ನಡೆಯಲಿಲ್ಲ.

ಅಂಥದ್ದರಲ್ಲಿ, ಹಳೆಯ ಡ್ರಮ್ಮಿನವನನ್ನೂ ವಾಪಸು ಕರೆದುಕೊಂಡ ನಿಮ್ಮ ಬೀಳ್ಕೊಡುಗೆ ಪ್ರವಾಸ ಪುಣೆಗೆ ಬಂತು. ಇದು ನಿಮ್ಮ ಮೂರನೆಯ ಕೊನೆಯ ಪ್ರವಾಸ ಎಂಬುದನ್ನು ನಾನು ಎತ್ತಿ ಆಡುವುದಿಲ್ಲ. ಕಾರ್ಯಕ್ರಮ ನಡೆಸುವ ಕಂಪನಿಯಲ್ಲೇ ಶಿವಾನಿಯ ನೌಕರಿ. ಮಧ್ಯಾಹ್ನ ನೀವು ಮೈಕು ಪರೀಕ್ಷಿಸುವಾಗ ಸ್ವಲ್ಪ ಹೊತ್ತು ಭೇಟಿ ಮಾಡಿಸುತ್ತೇನೆ ಅಂದಳು. ಅವ್ವ ಟ್ರಂಕು ತೆಗೆದು ಐದು ಗುಳೇದಗುಡ್ಡ ಖಣ ಹೊರಗಿಟ್ಟಳು. 'ಊರಿಗೆ ಬಂದ ಹೆಣಮಕ್ಕಳನ್ನ ಬರಿಗೈಲೆ ಕಳಸ್ತಾರೇನು? ಕೇತಕಿ ತುಂಬ್ತಾಳ. ನಾ ದೂರ ನಿಂತು ನೋಡ್ತೀನಿ.'

ಮಧ್ಯಾಹ್ನ ಎರಡು ಗಂಟೆಗೆ, ಊರಿಗೆ ಊರೇ ಮಲಗುವ ಹೊತ್ತಿನಲ್ಲಿ, ಪುಣೆಯಲ್ಲಿ ಸಪ್ಪಳ ಮಾಡುವುದು ಕೊಲೆಗಿಂತ ದೊಡ್ಡ ಅಪರಾಧವೆಂದು ತಮಗೆ ಯಾರೂ ಹೇಳಿರಲಿಲ್ಲ ಅನಿಸುತ್ತದೆ. ಗೇಟಿನ ಕಾವಲುಗಾರ ಆಗಲೇ ಸಿಟ್ಟಿನಲ್ಲಿದ್ದ. ಚೀಲದಲ್ಲಿ ಐದು ತೆಂಗಿನಕಾಯಿ ಕಂಡು, ಸ್ಟೇಜಿಗೆ ಎಸೆಯುತ್ತೀರೆಂದು ತಡೆದ. ಅವ್ವ ಮರಾಠಿಯಲ್ಲಿ, 'ಹಾಡು ಕೆಟ್ಟರೆ ನೋಡೋಣ, ಸದ್ಯಕ್ಕೆ ಇವು ಕೊಡಲಿಕ್ಕೆ' ಅಂದಳು. ಅವನು ನಕ್ಕು ಒಳಗೆ ಬಿಟ್ಟ.

ನೀವು ಬಂದಿರಿ. ಕಾಡಿಗೆ ಹಾಗೇ ಇತ್ತು, ಕೂದಲು ಮಾತ್ರ ಸ್ವಂತದ್ದಲ್ಲ. ಅವ್ವ ದೊಡ್ಡ ಸ್ಪೀಕರಿನ ಮರೆಯಿಂದ ಎಣಿಸಿ ಕೂಗಿದಳು: 'ನಾಕ ಅದಾರಲ್ಲೋ! ಐದನೇಯಾಕಿ ಎಲ್ಲಿ?' ಡೆಕ್ಸ್‌ಟರ್ ಇನ್ನೂ ಮುನಿಸಿನಲ್ಲಿದ್ದಾನೆ ಅಂದೆ. ಶಿವಾನಿ ಇಂಗ್ಲಿಷಿನಲ್ಲಿ ನಿಮಗೆ ಪಟದ ಕಥೆ, ಶುಕ್ರವಾರದ ಕಥೆ ಎಲ್ಲ ಎರಡೇ ಮಾತಿನಲ್ಲಿ ಹೇಳಿದಳು. ನೀವು ನಾಲ್ವರೂ ನಕ್ಕಿರಿ, ಆಮೇಲೆ ನಗು ನಿಲ್ಲಿಸಿ ಟವೆಲ್ಲು ಸೆರಗಿನಂತೆ ಒಡ್ಡಿದಿರಿ. ಕೇತಕಿ ಕುಂಕುಮ ಹಚ್ಚಿ ಉಡಿ ತುಂಬಿದಳು. ತಟ್ಟೆಯಲ್ಲಿ ಒಂದು ಉಡಿ ಉಳಿಯಿತು.

ಯಾರದಿದು ಅಂತ ಕೇಳಿದಿರಿ. ಐದನೆಯವರದು, ಅಂದಳು ಶಿವಾನಿ. ಇಷ್ಟು ವರ್ಷ ನಮಗೆ ಕುಂಕುಮ ಹಚ್ಚಿದವರು ಯಾರು, ಅಂದಿರಿ. ಶಿವಾನಿ ಸ್ಪೀಕರಿನ ಕಡೆ ಬೆರಳು ತೋರಿಸಿದಳು. ನೀವು ಆ ತಟ್ಟೆ ಎತ್ತಿಕೊಂಡು ಅಲ್ಲಿಗೆ ನಡೆದಿರಿ. ಡ್ರಮ್ಮಿನವನ ಹೆಗಲು ಹಿಡಿದು, ಹಲ್ಲು ಕಚ್ಚಿ, ಆ ಹೊಸ ಮೊಣಕಾಲನ್ನು ಮಡಚಿ ಕೂತಿರಿ. ಅವ್ವ ಹಿಂದೆ ಸರಿದಳು. 'ಬ್ಯಾಡಪ್ಪಾ, ನಂಗ ನಡಿಯೂದಿಲ್ಲ,' ಅಂದಳು. ಮತ್ತೆ ಅಂದಳು. ಹಿಂದೆ ಹೋಗಲು ಸ್ಪೀಕರು ಬಿಡಲಿಲ್ಲ. ಅಷ್ಟರಲ್ಲಿ ಭರಣಿಯ ಕುಂಕುಮ ಮೆತ್ತಿದ ನಿಮ್ಮ ಬೆರಳು, ಕೇತಕಿ ನಿಮಗೆ ಹಚ್ಚಿದಂತೆಯೇ, ಅವ್ವನ ಹಣೆ ಮುಟ್ಟಿಯಾಗಿತ್ತು.

ಅವ್ವ ಕೆಳಗೆ ನೋಡಿದಳು. ಕಾಯಿ ಹಿಡಿದು ನೀವು ಕಾಯುತ್ತಿದ್ದಿರಿ, ಕಾಡಿಗೆ ಕರಗಿ ಕೆನ್ನೆಗೆ ಇಳಿಯುತ್ತಿತ್ತು. ಅವ್ವ ಮೆಲ್ಲಗೆ ಸೆರಗು ಒಡ್ಡಿದಳು. ಉಡಿ ತುಂಬಿಸಿಕೊಂಡು ಗಂಟು ಹಾಕಿ, ನಿಮ್ಮ ಗದ್ದ ಹಿಡಿದೆತ್ತಿ ಹಣೆ ನೋಡಿದಳು. ಕೇತಕಿಯ ಕಡೆ ತಿರುಗಿ ಗದರಿದಳು: 'ಏನ ಹಚ್ಚೀಯವಾ ಇದು, ಸೊಟ್ಟ ಆಗೇದ! ಕೊಡ ಇಲ್ಲೆ ಭರಣಿ.'

ಕೇತಕಿ ಕೊಟ್ಟಳು. ಅವ್ವ ನಾಲ್ವರಿಗೂ ಮತ್ತೆ, ನೆಟ್ಟಗೆ, ಹಚ್ಚಿದಳು. ಡ್ರಮ್ಮಿನವನು ಬಗ್ಗಿದ್ದರಿಂದ ಮೂಗಿಗೂ ಒಂದಿಷ್ಟು ಇಳಿಯಿತು.

ಭರಣಿ ಈಗ ಅವ್ವನ ಹತ್ತಿರವೇ ಇದೆ. ನಿನ್ನೆ ಶುಕ್ರವಾರ ಅಡುಗೆಮನೆಯಲ್ಲಿ ಪಾತ್ರೆ ಸಪ್ಪಳವಿರಲಿಲ್ಲ.

ನೀವು ಸಂಜೆ ಎರಡು ಹಾಡು ಬೇಸೂರು ಹಾಡಿದಿರಿ, ಎತ್ತರದ ಸ್ವರ ಬಂದಾಗ ಮೈಕನ್ನು ಜನರ ಕಡೆ ತಿರುಗಿಸಿದಿರಿ. ಎಲ್ಲ ಮಾಫಿ. ನನ್ನದೊಂದೇ ಕೋರಿಕೆ, ಲೆನಿ ಅವರೇ. ನಾಲ್ಕನೆಯ ಕೊನೆಯ ಪ್ರವಾಸಕ್ಕೆ ಬನ್ನಿ, ಐದನೆಯದಕ್ಕೂ ಬನ್ನಿ, ಆದರೆ ದಯವಿಟ್ಟು ಕನ್ನಡ ಮಾತ್ರ ಕಲಿಯಬೇಡಿ. ನಿಮಗೆ ಒಂದು ನಾಲ್ಕು ಮಾತು ತಿಳಿಯುತ್ತಿದ್ದರೂ ಅವತ್ತು ಅವ್ವ ಬೇಡ ಅಂದದ್ದು ತಿಳಿದು, ಸಭ್ಯರಾಗಿ ಕೈ ಹಿಂದೆ ತೆಗೆದುಕೊಂಡುಬಿಡುತ್ತಿದ್ದಿರಿ. ಹಾಗೆ ಸಭ್ಯರಾಗಿ ನಾವು ಮೂರು ವರ್ಷ ಕಳೆದೆವು.

ಡೆಕ್ಸ್‌ಟರನಿಗೆ ಅವ್ವನ ನಿರೋಪ: 'ಸಿಟ್ಟ ಇಳದ ಮ್ಯಾಲೆ ಬರ್ಲಿ. ಐದು ತುಂಬ್ಯಾವ, ಆಕಿ ಆರನೇಯಾಕಿ ಆಗ್ತಾಳ.'

ತಮಗೆ ಬೇರೆ ಆಶೀರ್ವಾದ ಹೇಳಿದ್ದಾಳೆ. ತಮ್ಮ ನಾಲ್ಕು ಮದುವೆಗಳ ವಿಷಯ ನಾನು ಅವಳಿಗೆ ತಿಳಿಸಿಲ್ಲವಾದ್ದರಿಂದ ಇದ್ದಂತೆಯೇ ಬರೆಯುತ್ತಿದ್ದೇನೆ: 'ಮುತ್ತೈದಿಯಾಗಿ ನೂರು ವರ್ಷ ಬಾಳವ್ವಾ, ನನ್ನ ತಾಯಿ.'

ಇಂತು ತಮ್ಮ ತವರುಮನೆಯ,
ಬಸವಪ್ರಭು