ನರಕದ ಬಾಗಿಲಲ್ಲಿದ್ದ ದನಿ

ಇಂದಿರಾನಗರದ ವಿಡಿಯೊ ಗೇಮ್ ಸಂಸ್ಥೆಯವರಿಗೆ,

ಕಳೆದ ಸೋಮವಾರದ ಅಪ್‌ಡೇಟ್‌ನಲ್ಲಿ ನೀವು ನರಕದ ಬಾಗಿಲು ಕಾಯುವ ಮುದುಕಿಯ ದನಿಯನ್ನು ತೆಗೆದುಹಾಕಿದ್ದೀರಿ. ಆ ದನಿ ನನ್ನ ಹೆಂಡತಿ ಚಿಕ್ಕಮುನಿಯಮ್ಮನದು.

ನಿಮ್ಮ ಆಟಕ್ಕೆ ಮೂಲವಾದ ಹಳೆಯ ಕಾವ್ಯವನ್ನು ನಾನು ನಲವತ್ತು ವರ್ಷಗಳಿಂದ ಓದುತ್ತಿದ್ದೇನೆ. ಅದರಲ್ಲಿ ಒಬ್ಬನೂ ಕತ್ತಿ ಎತ್ತುವುದಿಲ್ಲ. ನೀವು ನಾಯಕನ ಕೈಗೆ ಕತ್ತಿ ಕೊಟ್ಟಾಗಲೂ ಸಹಿಸಿಕೊಂಡೆ. ಏಕೆಂದರೆ ಹೊಡೆದಾಡದೆ ಬಾಗಿಲಲ್ಲಿ ಸುಮ್ಮನೆ ನಿಂತರೆ ಅವಳು, "ಯಾಕ್ರೀ ಅಲ್ಲೇ ನಿಂತ್ಬಿಟ್ರಿ? ಊಟ ಆಯ್ತಾ?" ಎಂದು ಕೇಳುತ್ತಿದ್ದಳು. ಆ ಮಾತು ನೀವು ಬರೆದುಕೊಟ್ಟದ್ದಲ್ಲ, ನಮ್ಮ ಮನೆಬಾಗಿಲಿನದು. ಅವಳು ತೀರಿಕೊಂಡ ಮೇಲೆ ದಿನವೂ ಸಂಜೆ ಆಟದ ಆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಅಲ್ಲಿ ಯಾರೂ ನಿಲ್ಲುವುದಿಲ್ಲ, ಅದಕ್ಕೇ ತೆಗೆದೆವು ಎಂದು ಪ್ರಕಟಿಸಿದ್ದೀರಿ. ನಾನು ನಿಲ್ಲುತ್ತಿದ್ದೆ. ಅವಳ ದನಿಯನ್ನು ಯಾವತ್ತು ಮರಳಿಸುತ್ತೀರಿ ಎಂದು ಅದೇ ಪ್ರಕಟಣೆಯ ಕೆಳಗೆ, ಎಲ್ಲರೂ ಓದುವಂತೆ ಉತ್ತರಿಸಿ.

ವೆಂಕಟಸ್ವಾಮಿ
ಹಲಸೂರು