ಅಧಿಕಾರಿ ತಂದ ಹಂದಿ

ವಾಲಿಸ್ ದ್ವೀಪ, ಭಾನುವಾರ

ಅಕ್ಕಾ,

ಈ ಪುಟ್ಟ ನಾಡಿಗೆ ಮೂವರು ದೊರೆ, ಮೇಲೊಬ್ಬ ಫ್ರೆಂಚ್ ಅಧಿಕಾರಿಯ ಹೊರೆ. ಹೊಸದಾಗಿ ಬಂದ ಅಧಿಕಾರಿಯ ಜೀಪಿಗೆ ಸಿಕ್ಕಿ ಪಕ್ಕದ ಮನೆ ಮಲೆಕಲಿತಾಳ ಹಂದಿ ಸತ್ತಿತು. ಮಗಳ ಮದುವೆಯೂಟಕ್ಕೆಂದು ಸಾಕಿದ್ದ ಹಂದಿ! ಆತ ಪರಿಹಾರವೆಂದು ಫ್ರಾಂಕ್ ನೋಟು ಚಾಚಿದ.

"ನೋಟು ಬೇಯ್ಸಿ ಬೀಗರಿಗೆ ಬಡಿಸ್ಲೇನಯ್ಯಾ? ಹಂದಿ ಇಲ್ದೆ ಮದುವೆ ಹ್ಯಾಗೆ ಮಾಡ್ಲಿ?" ಎಂದಳು.

ಇಲ್ಲಿ ಮದುವೆಯ ಹಂದಿಯನ್ನು ಯಾರೂ ಮಾರುವುದಿಲ್ಲ, ನೆಂಟರಿಗಷ್ಟೇ ಕೊಡುತ್ತಾರೆ. ಪಾಪ, ಊರೆಲ್ಲ ಅಲೆದರೂ ಅಧಿಕಾರಿಗೆ ಹಂದಿ ಸಿಗಲಿಲ್ಲ. ಕೊನೆಗೆ ಮಲೆಕಲಿತಾಳ ಅಣ್ಣ ಪೆತೆಲೊ, "ಇವತ್ತಿಂದ ನೀನು ನನ್ ತಮ್ಮ ಕಣೋ, ಹಿಡ್ಕೊ" ಎಂದು ತನ್ನದನ್ನೇ ಕೊಟ್ಟ.

ನಿನ್ನೆ ಅಧಿಕಾರಿ ಅದನ್ನು ಹೊತ್ತು ತಂದಾಗ ಮಲೆಕಲಿತಾ ನಕ್ಕಳು. "ನೆಂಟ ಅಂದ್ಮೇಲೆ ಸುಮ್ನೆ ನಿಂತ್ರೆ ಆಯ್ತಾ? ಅಂಗಿ ಬಿಚ್ಚು, ಹಂದಿ ಬೇಯ್ಸೋಕೆ ಒಲೆಗುಂಡಿ ತೋಡು!"

ಸರ್ಕಾರ ಗುಂಡಿ ತೋಡಿತು, ಊರೆಲ್ಲ ನಿಂತು ನೋಡಿತು.

ಮದುವೆಯೂಟ ಭರ್ಜರಿ, ನನಗೆ ಸ್ವಲ್ಪ ಅಜೀರ್ಣ, ಅಷ್ಟೆ.

ನಿನ್ನ ತಮ್ಮ,
ವಾಸು